ರಾಮಕ್ಕನ ಕೆಂಪು ಕಂಬಳಿಹುಳು

ಕ್ಯಾಪ್ಸೂಲ್ ವಿಷಯದಲ್ಲಿ ನನಗೆ ತಿಳಿಯದ್ದು ಬ್ರಹ್ಮನಿಗೂ ತಿಳಿದಿಲ್ಲ. ಬೊಮ್ಮಸಂದ್ರದ ಮಾತ್ರೆ ಕಂಪನಿಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು ನಾನು. ಖಾಲಿಯೋ ತುಂಬಿದ್ದೋ ಎಂದು ಅಂಗೈಯಲ್ಲೇ ತೂಗಿ ಹೇಳುತ್ತಿದ್ದರೆ ಕಂಪನಿಯ ತಕ್ಕಡಿ ರಜೆ ಕೇಳುತ್ತಿತ್ತು.

ಆ ಜಂಬದಲ್ಲೇ, ಬಣ್ಣ ಸರಿಯಿಲ್ಲವೆಂದು ಕಂಪನಿ ಗುಜರಿಗೆ ಹಾಕಿದ್ದ ಕೆಂಪು ಖಾಲಿ ಕ್ಯಾಪ್ಸೂಲುಗಳ ಚೀಲವೊಂದನ್ನು ತಂದು, ಅದರಲ್ಲಿ ಅರ್ಧವನ್ನು ನಮ್ಮ ಬೀದಿಯ ಅಂಗನವಾಡಿಯ ರಾಮಕ್ಕನಿಗೆ ಕೊಟ್ಟೆ. ರಾಮಕ್ಕ ಈ ಊರಿನ ಹಳೆಯ ಮನೆತನದವಳು. ಅವರ ರಾಗಿ ಹೊಲದ ಮೇಲೆ ಈಗ ಗೋದಾಮು ನಿಂತಿದೆ. ಹತ್ತೊಂಬತ್ತು ವರ್ಷದಿಂದ ಪಾಳಿ ಕೆಲಸಗಾರರ ಮಕ್ಕಳಿಗೆ ಕೈಕೆಲಸ ಕಲಿಸುತ್ತಿದ್ದಾಳೆ. ಕತ್ತರಿಸಿದ ಬೆಂಡೆಕಾಯಿಯನ್ನು ಬಣ್ಣದಲ್ಲಿ ಅದ್ದಿ ಹೂವು ಒತ್ತಿಸುತ್ತಾಳೆ, ಮೊಟ್ಟೆಯ ಟ್ರೇಯಲ್ಲಿ ಆಮೆ ಮಾಡಿಸುತ್ತಾಳೆ. ಅವಳ ಕೈಗೆ ಸಿಕ್ಕರೆ ಫ್ಯಾಕ್ಟರಿಯ ಚಿಮಣಿಯೂ ಆನೆಯ ಸೊಂಡಿಲಾದೀತು. ಏನೇ ಅಂಟಿಸಲಿ, ಮೊದಲು ಹಾಳೆಯ ಮೇಲೆ ಬೇಕಾದಷ್ಟು ಸೊನ್ನೆ ಬರೆದುಕೊಡುವುದು ಅವಳ ಪದ್ಧತಿ. ಒಂದು ಸೊನ್ನೆಗೆ ಒಂದೇ.

“ಎಲ್ಲಾ ಖಾಲಿ ತಾನೆ ಸಾರ್? ಮಕ್ಳು ಬಾಯಿಗಾಕಂತವೆ,” ಎಂದು ಎರಡು ಸಲ ಕೇಳಿದಳು.

“ನನ್ ಕೈ ದಾಟಿ ಬಂದಿರೋದು ಕಣಮ್ಮ,” ಎಂದೆ.

ಮಾರನೆಯ ಬೆಳಿಗ್ಗೆ ಮೈದಾ ಅಂಟಿನಲ್ಲಿ ಕಂಬಳಿಹುಳು ಮಾಡಿಸಿದಳು: ಒಂದೊಂದು ಮಗುವಿನ ಹಾಳೆಗೆ ಆರು ಸೊನ್ನೆ, ಆರು ಕ್ಯಾಪ್ಸೂಲ್. ಇತ್ತ ಮನೆಯಲ್ಲಿ ನಾನು ಉಳಿದ ಅರ್ಧವನ್ನು ಡಬ್ಬಿಗೆ ಸುರಿಯುತ್ತಿದ್ದಾಗ ಒಂದು ಬಿಚ್ಚಿಕೊಂಡು ಬಿಳಿ ಪುಡಿ ಉದುರಿತು.

ಓಡಿದೆ. ಮಂಡಿನೋವಿನ ಈ ಮುದುಕ ಹೊಸೂರು ರಸ್ತೆಯ ಬಸ್ಸುಗಳನ್ನೇ ಹಿಂದೆ ಹಾಕಿರಬೇಕು. ಅಂಗನವಾಡಿಯ ಬಾಗಿಲಲ್ಲಿ ರಾಮಕ್ಕ ಮೂರು ವರ್ಷದ ಶರಣ್ಯಳನ್ನು ಎತ್ತಿಕೊಂಡು ನಿಂತಿದ್ದಳು. ಮಗುವಿನ ತುಟಿ, ಬೆರಳು ಕೆಂಪು. ಕತ್ತು ವಾಲಿತ್ತು. ಹಾಳೆ ಮಗುಚಿಕೊಂಡು ಫ್ರಾಕಿಗೆ ಮೆತ್ತಿತ್ತು.

“ಒಲೆ ಮ್ಯಾಲಿನ ಸಾರು ನೋಡಾಕೆ ಅತ್ಲಾಗ್ ತಿರುಗ್ದೆ ಸಾರ್. ಬಂದ್ ನೋಡಿದ್ರೆ ಇಂಗೆ. ಎಬ್ಬಿಸಿದ್ರೂ ಏಳ್ತಿಲ್ಲ. ಖಾಲಿ ತಾನೆ?”

ಊರೆಲ್ಲ ಸುತ್ತುವ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. “ಮನೇಲಿ ಒಂದ್ರಲ್ಲಿ ಪುಡಿ ಸಿಕ್ತು. ಏನು ಅಂತ ಗೊತ್ತಿಲ್ಲ,” ಎಂದೆ.

ಅವಳು ಉಳಿದ ಮಕ್ಕಳ ಹಾಳೆಗಳನ್ನೆಲ್ಲ ಕಿತ್ತಿಡುವಂತೆ ಸಹಾಯಕಿಗೆ ಹೇಳಿ, ಮಗುವಿನೊಂದಿಗೆ ಆಸ್ಪತ್ರೆಗೆ ಆಟೊ ಹತ್ತಿದಳು; ಹಿಂದೆಯೇ ನಾನೂ ಹತ್ತಿದೆ.

“ಇವಳವ್ವ ನೈಟ್ ಶಿಫ್ಟ್ ಮುಗಿಸಿ ಈಗ್ತಾನೆ ಮಲಗವ್ಳೆ. ಏನಂತ ಎಬ್ಬಿಸ್ಲಿ ಸಾರ್?”

ನಾನು ಮಗುವಿನ ಮೂಗಿನ ಕೆಳಗೆ ಬೆರಳಿಟ್ಟೇ ಕೂತಿದ್ದೆ. ಸಿಗ್ನಲ್ಲಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡ ಎರಡು ನಿಮಿಷದಲ್ಲಿ ನನಗೆ ಇನ್ನೊಂದು ಎಪ್ಪತ್ತು ವರ್ಷ ವಯಸ್ಸಾಯಿತು. ಉಸಿರು ತಾಕುತ್ತಿತ್ತು, ತಾಕುತ್ತಿದೆಯೇ ಎಂಬ ಅನುಮಾನ ಮಾತ್ರ ಹೋಗಲಿಲ್ಲ.

ರಾಮಕ್ಕ ಫ್ರಾಕಿನಿಂದ ಹಾಳೆಯನ್ನು ಮೆಲ್ಲಗೆ ಬಿಡಿಸಿದಳು. ಒಂದೊಂದೇ ಸೊನ್ನೆಯ ಮೇಲೆ ಬೆರಳಿಟ್ಟಳು. ಆರರಲ್ಲೂ ಕೆಂಪು ಲೋಳೆ. ಅಂಟಿನ ನೀರಿಗೆ ಕ್ಯಾಪ್ಸೂಲುಗಳು ಕರಗಿಹೋಗಿದ್ದವು. ಪುಡಿ ಯಾವುದರಲ್ಲೂ ಇರಲಿಲ್ಲ. ಮಗು ಬೆರಳನ್ನಷ್ಟೇ ಚೀಪಿತ್ತು.

ಆದರೂ ಅವಳು ಆಟೊ ತಿರುಗಿಸಲು ಬಿಡಲಿಲ್ಲ. ಡಾಕ್ಟರು ಕಣ್ಣು, ಎದೆ ಎಲ್ಲ ಪರೀಕ್ಷಿಸಿ, ರಾತ್ರಿ ಅಮ್ಮನಿಲ್ಲದೆ ನಿದ್ದೆಗೆಟ್ಟ ಮಗು ಎಂದರು. ಸೂಜಿ ಎಂಬ ಮಾತು ಕಿವಿಗೆ ಬಿದ್ದದ್ದೇ ಶರಣ್ಯ ಎದ್ದು ಕೂತು ಅಂಗನವಾಡಿಯಲ್ಲಿ ಕೊಡುವ ಮೊಟ್ಟೆ ಕೇಳಿದಳು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನನ್ನ ನಾಲಿಗೆ ಮತ್ತೆ ಸಡಿಲವಾಯಿತು. “ನೀರು ತಾಕಿದ್ರೆ ಕರಗುತ್ತೆ ಅಂತ ನಂಗೆ ಮೊದ್ಲೇ ಗೊತ್ತಿತ್ತು ರಾಮಕ್ಕ. ಇರ್ಲಿ, ನಾಳೆ ಮಕ್ಳಿಗೆ ಬಾಟ್ಲಿ ಮುಚ್ಚಳ ತಂದ್ಕೊಡ್ತೀನಿ.”

ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡಳು.

“ತನ್ನಿ ಸಾರ್. ದೊಡ್ದೊಂದು ಸಿಕ್ಕಿದ್ರೆ ಮೊದ್ಲು ನಿಮ್ ಬಾಯಿಗೆ ಆಕ್ಕೊಳಿ.”