ಆಲೂಗಡ್ಡೆ ಬಂದೂಕಿಗೆ ಒಲೆಯ ಲೈಟರ್

ಹಾಸನದ ಮಂಡಿಗೆ ಹೋಗಬೇಕಾಗಿದ್ದ ನಮ್ಮ ಆಲೂಗಡ್ಡೆಯನ್ನು ಆ ವರ್ಷ ಕಾಡುಹಂದಿಗಳೇ ಕಿತ್ತು ತಿನ್ನುತ್ತಿದ್ದವು. ಅವನ್ನು ಓಡಿಸಲು ಮೈದುನ ನೀರಿನ ಪೈಪಿನಲ್ಲಿ ಬಂದೂಕು ಮಾಡಿದ. ಒಳಗೆ ಗ್ಯಾಸು, ಬಾಯಿಗೆ ಕೊಳೆತ ಆಲೂಗಡ್ಡೆ, ಹಿಂದಿನ ತೂತಿಗೆ ಬೆಂಕಿಕಡ್ಡಿ. ಅವನು ಕಡ್ಡಿ ಗೀರುವುದು, ಅದು ಗಾಳಿಗೆ ಆರುವುದು, ಅಷ್ಟರಲ್ಲಿ ಹಂದಿಗಳು ಇನ್ನೊಂದು ಸಾಲು ಮುಗಿಸುವುದು.

"ಏನಪ್ಪಾ, ಹಂದಿಗೆ ಮಂಗಳಾರತಿ ಎತ್ತುತ್ತಿದ್ದೀಯಾ?" ಅಂದೆ.

"ಅಂಗಾದ್ರೆ ನೀವೇ ಹೊಡೀರಿ ಅತ್ಗೆ," ಅಂದ ಉರಿದುಕೊಂಡು.

ಸೊಂಟದಲ್ಲಿ ಮಗು ಕೂರಿಸಿಕೊಂಡು ಒಂದೇ ಕೈಲಿ ಒಲೆ ಹಚ್ಚುವವಳು ನಾನು. ಅಡುಗೆಮನೆಯ ಎಲೆಕ್ಟ್ರಾನಿಕ್ ಲೈಟರ್ ತಂದು, ಅದರ ಮೂತಿಯನ್ನು ಆ ತೂತಿಗೆ ತೂರಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದೆ.

"ಒಲೆ ಹಚ್ಚೋ ಲೈಟರ್‌ನಾಗೆ ಬಂದೂಕು ಹಾರಿಸ್ತಾರೇನವ್ವಾ?" ಎಂದು ಮಾವ ಜಗಲಿಯಿಂದಲೇ ನಕ್ಕರು. ಮಗುವನ್ನು ಅವರ ಮಡಿಲಿಗೆ ಹಾಕಿ ಹೊಲಕ್ಕೆ ನಡೆದೆ.

ಸಂಜೆ ಹಂದಿಗಳು ಬಂದವು. ಲೈಟರ್ ಒತ್ತಿದೆ. ಢಮ್ಮೆಂದು ಹಾರಿದ ಆಲೂಗಡ್ಡೆ ದೊಡ್ಡ ಹಂದಿಯ ಬೆನ್ನಿಗೇ ಬಿತ್ತು. ಇಡೀ ಹಿಂಡು ಬೇಲಿ ಮುರಿದುಕೊಂಡು ಓಡಿತು. ಉಳಿದ ಬೆಳೆಯೆಲ್ಲ ಮಂಡಿ ಸೇರಿತು.

ಲೈಟರ್ ಮಾತ್ರ ಬಂದೂಕಿನಲ್ಲೇ ಉಳಿಯಿತು. ಈಗ ಮಾವ ಕಾಫಿ ತಡವಾಯಿತೆಂದು ಗೊಣಗಿದಾಗಲೆಲ್ಲ, "ಬಂದೂಕು ತಂದುಕೊಡಿ ಮಾವ, ಒಲೆ ಹಚ್ಚಬೇಕು," ಅನ್ನುತ್ತೇನೆ.