ಒರೆಸುವ ಕೈ

ವೆಸ್ಟ್ ಮಾಂಬಲಂನಲ್ಲಿ ನಮ್ಮ ಎದುರು ಫ್ಲಾಟಿನ ಗಿರಿಧರನಿಗೆ ಏನನ್ನೇ ಕೊಡಿ, ಮೊದಲು ಒರೆಸುತ್ತಾನೆ, ಆಮೇಲೆ ನೋಡುತ್ತಾನೆ. ಬೀಗದ ಕೈ, ಚಮಚ, ಕಾಫಿ ಲೋಟ, ಯಾವುದಾದರೂ ಸರಿ. "ನನ್ನನ್ನೂ ಒಂದ್ಸಲ ಒರೆಸಿ ನೋಡ್ಬಿಡಿ, ಏನಾದ್ರೂ ಹೊಳಪು ಬಂದೀತು" ಎಂದು ಹೆಂಡತಿ ಮಧುರಾ ರೇಗಿಸುತ್ತಿದ್ದಳು. ಅದು ಅವನಿಗೆ ಕೆಲಸವಿದ್ದ ಕಾಲದ ಮಾತು.

ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಅವನು ಇನ್‌ಸ್ಪೆಕ್ಟರ್ ಆಗಿದ್ದ. ಲೇತಿನಿಂದ ಇಳಿದ ಬಿಡಿಭಾಗಗಳ ಎಣ್ಣೆಯನ್ನು ಬನಿಯನ್ ವೇಸ್ಟಿನ ಬಟ್ಟೆ ಚೂರುಗಳಿಂದ ಒರೆಸಿ, ಗೀರಿದೆಯೇ ಎಂದು ನೋಡಿ, ಪಾಸು ಇಲ್ಲವೇ ರಿಜೆಕ್ಟ್ ಎನ್ನುವುದು ಅವನ ಕೆಲಸ. ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಂದವನು ತಲೆ ನರೆಯುವ ತನಕ ಅದೊಂದನ್ನೇ ಮಾಡಿದ. ಆಮೇಲೆ ಆ ಕೆಲಸಕ್ಕೆ ಕ್ಯಾಮೆರಾ ಬಂತು, ಅವನನ್ನು ಮನೆಗೆ ಕಳಿಸಿದರು. ಐವತ್ತು ದಾಟಿದವನನ್ನು ಬೇರೆ ಕಾರ್ಖಾನೆಗಳು ಗೇಟಿನ ಒಳಗೂ ಬಿಡಲಿಲ್ಲ. ನನಗೆ ಇವತ್ತಿಗೂ ಅವರೆಲ್ಲರ ಮೇಲೆ ಸಿಟ್ಟಿದೆ.

ಕನಿಕರಪಟ್ಟು ನಾನೇ ಅವನನ್ನು ವಿಶ್ವನಾಥರ ಬಳಿ ಕರೆದುಕೊಂಡು ಹೋದೆ. ರೈಲ್ವೆಯಿಂದ ನಿವೃತ್ತರಾದ ಅವರು ಸ್ಟೇಷನ್ ಪಕ್ಕದ ಸಂದಿಯಲ್ಲಿ ಹಳೆಯ ನಾಣ್ಯಗಳ ಅಂಗಡಿ ಇಟ್ಟಿದ್ದಾರೆ. ಈಗ ಕಣ್ಣು ಮಂಜು. ನಾಣ್ಯದ ಸ್ಥಿತಿ ನೋಡಿ ದರ್ಜೆ ಹೇಳುವವರೊಬ್ಬರು ಬೇಕಿತ್ತು. ಕಲಿತರೆ ಕಿಟಕಿ ಪಕ್ಕದ ಕುರ್ಚಿ ನಿಮ್ಮದೇ ಎಂದರು. ಪಾಪ, ಅದೇ ತನ್ನ ಕೊನೆಯ ಕುರ್ಚಿ ಎನ್ನುವುದು ಗಿರಿಧರನಿಗೆ ಗೊತ್ತಿತ್ತು.

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯಲ್ಲಿ ಮೊದಲು ಸವೆಯುವುದು ಉಬ್ಬಿದ ಭಾಗ, ಅಂದರೆ ಅದರ ಮೇಲಿನ ರಾಣಿಯ ಕೆನ್ನೆ, ಕಿವಿಯ ಮೇಲಿನ ಕೂದಲು. ಕೂದಲು ಎಳೆಎಳೆಯಾಗಿ ಕಂಡರೆ ಒಳ್ಳೆಯ ದರ್ಜೆ, ನುಣ್ಣಗಾಗಿದ್ದರೆ ಸಾಧಾರಣ. ಎಲ್ಲಕ್ಕಿಂತ ಮೇಲಿನದು ಚಲಾವಣೆಗೇ ಹೋಗದ ನಾಣ್ಯ. ದೀಪದಡಿ ಓರೆ ಮಾಡಿದರೆ ಟಂಕಸಾಲೆಯ ಹೊಳಪು ಅದರ ಮೈಮೇಲೆ ಸುತ್ತು ಬರುತ್ತದೆ. ಇದನ್ನೆಲ್ಲ ಅವನು ಬೇಗ ಕಲಿತ. ತಬ್ಬಿಬ್ಬಾದದ್ದು ಬೆಳ್ಳಿಗೆ ಹಿಡಿಯುವ ಕಪ್ಪಿನ ವಿಷಯದಲ್ಲಿ. ಕಪ್ಪು ಕೊಳೆಯಲ್ಲ, ನಾಣ್ಯದ ವಯಸ್ಸು, ಉಜ್ಜಿದರೆ ಕೆಟ್ಟಿತು, ಅಂಚಿನಲ್ಲೇ ಹಿಡಿಯಬೇಕು ಎಂದು ವಿಶ್ವನಾಥರು ದಿನಾ ಹೇಳುತ್ತಿದ್ದರು. ಗಿರಿಧರ ಕರ್ಚೀಫನ್ನು ಮನೆಯಲ್ಲೇ ಬಿಟ್ಟು ಹೋಗತೊಡಗಿದ.

ದೀಪಾವಳಿಗೆ ಮುಂಚೆ ಕೋಡಂಬಾಕ್ಕಂನ ಗಿರಾಕಿಯೊಬ್ಬರು ತಾತನ ನಾಣ್ಯದ ಪೆಟ್ಟಿಗೆ ತಂದರು. ಇವುಗಳ ದರ್ಜೆ ಸರಿಯಾಗಿ ಹೇಳಿದರೆ ಕುರ್ಚಿ ಎಂದಾಯಿತು. ಅವನು ಒಂದೊಂದಾಗಿ ಹೇಳುತ್ತ ಹೋದ, ಒಂದೂ ತಪ್ಪಲಿಲ್ಲ. ಕೊನೆಯದು ಕಾಗದದ ಮಡಿಕೆಯಲ್ಲಿ ಯಾರ ಕೈಯೂ ತಾಗದೆ ಉಳಿದಿದ್ದ ರೂಪಾಯಿ. ದೀಪದಡಿ ಹೊಳಪು ಸುತ್ತು ಬಂದದ್ದನ್ನು ಕಂಡು ಅವನ ಮುಖ ಅರಳಿತಂತೆ. ರಾಣಿಯ ಕೆನ್ನೆಯ ಮೇಲೆ ಒಂದು ಕಪ್ಪು ಚುಕ್ಕೆಯಿತ್ತು. ಅದರಡಿ ಗೀರಿದೆಯೋ ಏನೋ ಎಂದು, ಗಿರಾಕಿಯ ಎದುರೇ ಅಂಗಿಯ ತುದಿ ಎಳೆದು ಒರೆಸಿಬಿಟ್ಟ.

ಯಾರೂ ಕೂಗಾಡಲಿಲ್ಲ. ವಿಶ್ವನಾಥರು ಭೂತಗನ್ನಡಿಯನ್ನು ಅವನತ್ತ ತಳ್ಳಿ, "ಈಗ ಹೇಳಿ" ಎಂದರು.

ಗಿರಿಧರ ಬಹಳ ಹೊತ್ತು ನೋಡಿದ. "ಕೆನ್ನೆ ಮೇಲೆ ಒರೆಸಿದ ಗೀರಿದೆ ಸಾರ್. ಹೊಳಪು ಅಲ್ಲಿಗೆ ಬಂದು ನಿಂತ್ಹೋಗುತ್ತೆ. ರಿಜೆಕ್ಟ್."

"ಸರಿಯಾಗೇ ಹೇಳಿದ್ರಿ" ಎಂದು ವಿಶ್ವನಾಥರು ಗಿರಾಕಿಯ ಕಡೆ ತಿರುಗಿ ಕೈ ಮುಗಿದರು. ನಾಳೆಯಿಂದ ಬರಬೇಡಿ ಎಂದು ಬೇರೆ ಹೇಳಬೇಕಾಗಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟಿನಿಂದ ಬಂದದ್ದಲ್ಲ, ಸಂಬಳ ಕೊಟ್ಟು ಕಲಿಸಿದ್ದು.

ಆ ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. "ಅಪ್ಪಾ, ವೇಲೈ ಕೆಡಚುದಾ?" ಎಂದು ಮಗಳು ನಂದಿತಾ ತಮಿಳಿನಲ್ಲೇ ಕೇಳಿದಳು. ಕೆಲಸ ಸಿಗಲಿಲ್ಲ ಎಂದು ಅವನು ಕನ್ನಡದಲ್ಲಿ ಹೇಳಿದ. ಮಧುರಾ ಕಾಫಿ ತಂದಿಟ್ಟಳು. ಅವನು ಲೋಟ ಎತ್ತಿಕೊಂಡು, ಅಂಗಿಯ ತುದಿಯಿಂದ ಸುತ್ತಲೂ ಒರೆಸಿ, ಕುಡಿದ. ಒರೆಸಿದ್ದು ಅವನಿಗೆ ಗೊತ್ತೂ ಆಗಲಿಲ್ಲ. ಮಧುರಾ ನೋಡಿದಳು, ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.