ಹಾಯಿಬಟ್ಟೆಯ ಕುಂಡಗಳು

ಥೆಲ್ಮಾ ಕ್ರೌಲಿಗೆ ಯಾರಾದರೂ "ಹೀಗೆ ಮಾಡು" ಎಂದರೆ ಮುಗಿಯಿತು, ಅದೊಂದನ್ನು ಬಿಟ್ಟು ಬೇರೆಲ್ಲ ಮಾಡುತ್ತಾಳೆ. ಅಮೆರಿಕದ ಮೇನ್ ರಾಜ್ಯದ ಕರಾವಳಿಯ ಈ ಬಂದರಿನಲ್ಲಿ ನಾವಿಬ್ಬರೂ ಒಂದೇ ಶೆಡ್ಡಿನಲ್ಲಿ ಕೂತು ದೋಣಿಗಳ ಹಾಯಿ ಹೊಲಿದವರು. ಶೆಡ್ಡು ಮುಚ್ಚಿದ ದಿನ ಮಾಲೀಕ ಹಳೇ ಹಾಯಿಬಟ್ಟೆಯನ್ನೆಲ್ಲ ಸುಟ್ಟುಬಿಡಿ ಎಂದ. ಇವಳು ಅಷ್ಟನ್ನೂ ನನ್ನ ಪಿಕಪ್ಪಿಗೆ ತುಂಬಿಸಿದಳು. ಯಾಕೆ ಎಂದು ಕೇಳಿದ್ದಕ್ಕೆ, "ಸುಡು ಅಂದ್ನಲ್ಲ, ಅದಕ್ಕೇ" ಎಂದಳು.

ಆ ಬಟ್ಟೆ ಕೆಲಸಕ್ಕೆ ಬಂದದ್ದು ಅವಳ ತಮ್ಮ ಎಲ್ವಿನ್ ಆಸ್ಪತ್ರೆಯಿಂದ ವಾಪಸಾದ ಮೇಲೆ. ಕ್ಯಾನ್ಸರ್ ಹೋಗಿದೆ ಎಂದರು ಡಾಕ್ಟರು. ಆದರೆ ಔಷಧಿಯ ಹೊಡೆತಕ್ಕೆ ಅವನ ನಾಲಿಗೆಯ ರುಚಿಯೂ ಹೋಗಿತ್ತು, ಹಸಿವೂ ಹೋಗಿತ್ತು. ಏನು ಕೊಟ್ಟರೂ ಮರದ ಪುಡಿ ಅಗಿದ ಹಾಗಿದೆ ಎನ್ನುತ್ತಿದ್ದ. ಪಕ್ಕದ ಮನೆಯವರು ತಾವೇ ಬೆಳೆದ ಗಾಂಜಾದ ಎಣ್ಣೆ ಕೊಡುತ್ತಿದ್ದರು. ಅದನ್ನು ಎರಡು ತೊಟ್ಟು ಹಾಕಿಕೊಂಡ ದಿನ ಮಾತ್ರ ಅರ್ಧ ಬಟ್ಟಲು ಮೀನಿನ ಸೂಪು ಒಳಗೆ ಹೋಗುತ್ತಿತ್ತು. ಅವರು ಊರು ಬಿಟ್ಟರು, ಉಳಿದದ್ದು ಒಂದು ಬಾಟಲಿ. ಅಂಗಡಿಯ ಎಣ್ಣೆ ತರೋಣ ಎಂದೆ. ಏನು ಸುರಿದು ಬೆಳೆದಿದ್ದಾರೋ ಗೊತ್ತಿಲ್ಲದ್ದನ್ನು ತಮ್ಮನ ಬಾಯಿಗೆ ಹಾಕುವುದಿಲ್ಲ, ನಾನೇ ಬೆಳೆಯುತ್ತೇನೆ ಎಂದು ಕೂತಳು. ಇಲ್ಲಿ ಮನೆಯೊಳಗೆ ಎರಡು ಮೂರು ಗಿಡ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ, ಯಾರೂ ಕೇಳುವುದಿಲ್ಲ. ಚಳಿಗಾಲದಲ್ಲಿ ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ ಗಿಡಗಳಿಗೆಂದೇ ದೀಪ ಉರಿಯುತ್ತಿರುತ್ತದೆ.

ದೀಪ ತರಲು ಡ್ಯಾರಿಲ್‌ನ ತೋಟದ ಸಾಮಾನಿನ ಅಂಗಡಿಗೆ ಹೋದೆವು. ಒಳ್ಳೆಯ ಹುಡುಗ, ಆದರೆ ಬಾಯಿಗೆ ಬೀಗವಿಲ್ಲ.

"ಈ ಪ್ಲಾಸ್ಟಿಕ್ ಕುಂಡ ತಗೊಳ್ಳಿ ಥೆಲ್ಮಾ. ಮಣ್ಣಿನ ಬದ್ಲು ಈ ತೆಂಗಿನ ನಾರಿನ ಪುಡಿ ತುಂಬಿ. ಆಗಾಗ ಈ ಬಾಟ್ಲಿ ಗೊಬ್ಬರ ಬಿಟ್ರೆ ಆಯ್ತು."

"ತೆಂಗಾ? ನಮ್ಮ ಬಂದರಲ್ಲಿ ತೆಂಗಿನಮರ ಎಲ್ಲಪ್ಪಾ ಕಂಡೆ?"

"ಹಡಗಲ್ಲಿ ಬರುತ್ತೆ."

"ಅಷ್ಟು ದೂರದಿಂದ ಬಂದು ಅದಕ್ಕೂ ಸುಸ್ತಾಗಿರುತ್ತೆ. ಇಲ್ಲೇ ಮಲಗ್ಲಿ ಬಿಡು."

"ಕುಂಡನಾದ್ರೂ ತಗೊಳ್ಳಿ. ತಳದಲ್ಲಿ ತೂತಿಲ್ದಿದ್ರೆ ಕಷ್ಟ."

"ಬಿರುಗಾಳಿ ತಡೆಯೋ ಬಟ್ಟೆ ಹೊಲಿದೋಳು ಕಣೋ ನಾನು. ಒಂದು ಗಿಡ ಹಿಡಿಯೋ ಚೀಲ ಹೊಲಿಯೋಕೆ ಬರಲ್ವಾ?"

ಹೊಲಿದಳು. ಮೂರು ದಪ್ಪ ಚೀಲ, ಎರಡು ಸಾಲು ಹೊಲಿಗೆ, ನಿಲ್ಲಿಸಿದರೆ ಗುಂಡಗೆ ಕೂರುವಂಥವು. ಕಾಡಿನಿಂದ ಕೊಳೆತ ಎಲೆಯ ಕಪ್ಪು ಮಣ್ಣು ತಂದೆವು. ಅದಕ್ಕೆ ಎರೆಹುಳದ ಗೊಬ್ಬರ, ಏಡಿ ಬಿಡಿಸುವ ಹೆಂಗಸರಿಂದ ಬೇಡಿ ತಂದು ಕುಟ್ಟಿದ ಚಿಪ್ಪು, ಎಲ್ಲಕ್ಕಿಂತ ಹೆಚ್ಚಾಗಿ ಇಳಿತದ ಹೊತ್ತಿನಲ್ಲಿ ದಡದಿಂದ ಎಳೆದು ತಂದ ಕಡಲಪಾಚಿ. ನಮ್ಮ ಕಡೆ ಪಾಚಿ ಹಾಕದ ತೋಟವೇ ಇಲ್ಲ. ಪಕ್ಕದ ಮನೆಯವರು ಕೊಟ್ಟುಹೋಗಿದ್ದ ಬೀಜವನ್ನು ಚೀಲಕ್ಕೊಂದರಂತೆ ಊರಿದೆವು. ಗಿಡಗಳು ಮೊದಲು ಚೆನ್ನಾಗಿಯೇ ಎದ್ದವು. ಆಮೇಲೆ ಎಲೆಯ ತುದಿ ಕಂದಿತು, ಅಂಚು ಸುರುಟಿಕೊಂಡಿತು. ಅಷ್ಟರಲ್ಲಿ ಎಣ್ಣೆಯ ಬಾಟಲಿ ತಳ ಕಂಡಿತ್ತು. ಎಲ್ವಿನ್ ಬರೀ ಚಹಾದಲ್ಲಿ ದಿನ ದೂಡುತ್ತಿದ್ದ. ನನಗೆ ಅವಳ ಹಠ ನೋಡಿ ಮೈಯೆಲ್ಲ ಉರಿ.

"ಪಾಚಿ ತೊಳೆದ್ಯಾ?" ಎಂದು ಕೇಳಿದೆ.

"ಪಾಚಿನ ಯಾರು ತೊಳೀತಾರೆ ಮಾವಿಸ್? ನಮ್ಮಮ್ಮ ಒಂದಿನ ತೊಳೆದಿದ್ಲಾ?"

"ನಿಮ್ಮಮ್ಮ ತೋಟಕ್ಕೆ ಹಾಕ್ತಿದ್ಲು. ಚಳಿಗಾಲ ಪೂರ್ತಿ ಮಳೆ, ಹಿಮ ಬಿದ್ದು ಉಪ್ಪೆಲ್ಲ ಹೋಗ್ತಿತ್ತು. ನಿನ್ನ ನೆಲಮಾಳಿಗೇಲಿ ಮಳೆ ಬರುತ್ತಾ?"

ಥೆಲ್ಮಾ ಬಗ್ಗಿ ಚೀಲದ ತಳ ಒತ್ತಿ ನೋಡಿದಳು. ಗಾಳಿಯನ್ನೇ ಬಿಡದ ಬಟ್ಟೆ ನೀರನ್ನು ಎಲ್ಲಿ ಬಿಟ್ಟೀತು? ಉಪ್ಪು ಒಳಗೇ ಕೂತು ಬೇರು ಸುಡುತ್ತಿತ್ತು.

ಡ್ಯಾರಿಲ್ ಬಂದು ನೋಡಿ, "ಇದನ್ನೆಲ್ಲ ಎಸೆದು ಹೊಸದಾಗಿ ಶುರು ಮಾಡಿ" ಎಂದ. ಅಷ್ಟೇ ಸಾಕಾಯಿತು.

"ಎಸೆಯಲ್ಲ. ಮಳೆ ತಾನೇ ಬೇಕು? ಬರಿಸ್ತೀನಿ."

ಹಾಯಿಗೆ ಹಗ್ಗ ಪೋಣಿಸಲು ಹಾಕುತ್ತಿದ್ದ ಹಿತ್ತಾಳೆ ಉಂಗುರಗಳ ಡಬ್ಬಿ ಅಟ್ಟದಿಂದ ಇಳಿಯಿತು. ನಾನು ಚೀಲ ಓರೆ ಮಾಡಿ ಹಿಡಿದೆ, ಅವಳು ದಬ್ಬಳದಿಂದ ತಳ ಚುಚ್ಚಿ ಸುತ್ತಲೂ ಉಂಗುರ ಬಡಿದಳು. "ಕೊನೆಗೂ ತೂತು ಮಾಡಿದ್ರಿ" ಎಂದು ಡ್ಯಾರಿಲ್ ನಕ್ಕ. "ತೂತು ನಿನ್ನ ಪ್ಲಾಸ್ಟಿಕ್ಕಿಗೆ. ಇದು ಹಾಯಿಯ ಕಣ್ಣು" ಎಂದು ಅವನನ್ನು ಮೆಟ್ಟಿಲು ಹತ್ತಿಸಿದಳು.

ಅಂಗಳದ ಹಿಮ ಕರಗಿಸಿ, ಬೆಚ್ಚಗಾಗಲು ಬಿಟ್ಟು, ಮೇಲಿನಿಂದ ಮೆಲ್ಲಗೆ ಸುರಿದೆವು. ಕೆಳಗೆ ತಟ್ಟೆಗೆ ಕಂದು ನೀರು ಇಳಿಯಿತು. ಉಪ್ಪು ಹೋಯಿತೋ ಇಲ್ಲವೋ ತಿಳಿಯಲು ಅವಳು ಬೆರಳದ್ದಿ ನೆಕ್ಕಿದಳು, ನಾನೂ ನೆಕ್ಕಿದೆ. ನೆಕ್ಕಿ ನೆಕ್ಕಿ ಇಬ್ಬರ ನಾಲಿಗೆಯೂ ಕೆಟ್ಟಿತು. ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತಿದ್ದ ಎಲ್ವಿನ್‌ಗೆ ಸಹನೆ ಮೀರಿತು.

"ಇಲ್ಲಿ ತಾ" ಎಂದು ಬೆರಳದ್ದಿದ. ನಾಲಿಗೆಗೆ ಇಟ್ಟವನೇ ಮುಖ ಸಿಂಡರಿಸಿ ಉಗಿದ. "ಥೂ! ಸಮುದ್ರಾನೇ ತುಂಬಿದ್ದೀರಲ್ಲ!"

ನಾವಿಬ್ಬರೂ ಅವನನ್ನೇ ನೋಡುತ್ತಾ ನಿಂತೆವು. ಏನು ಹೇಳಿಬಿಟ್ಟೆನೆಂದು ಅವನಿಗೂ ಆಮೇಲೆ ಹೊಳೆಯಿತು.

ಅಂದಿನಿಂದ ರುಚಿ ನೋಡುವ ಕೆಲಸ ಅವನದೇ. ಸುರಿದು, ಇಳಿಸಿ, ಮಣ್ಣು ಆರಲು ಬಿಟ್ಟು, ಮತ್ತೆ ಸುರಿಯುತ್ತಿದ್ದೆವು. ಉಪ್ಪು, ಸ್ವಲ್ಪ ಕಡಿಮೆ, ಇನ್ನೂ ಇದೆ ಎಂದು ಅವನು ಹೇಳಿದಂತೆಲ್ಲ ಅವಳು ಮುಂದಿನ ಸಲಕ್ಕೆ ಹುಮ್ಮಸ್ಸಿನಿಂದ ಹಿಮ ತುಂಬುತ್ತಿದ್ದಳು. ಗಿಡದ ನೆತ್ತಿಯಲ್ಲಿ ಹಸಿರು ಚಿಗುರು ಕಾಣಿಸಿತು.

ಒಂದು ಮಧ್ಯಾಹ್ನ ಎಲ್ವಿನ್ ಬೆರಳು ನೆಕ್ಕಿ, ಮತ್ತೆ ಅದ್ದಿ, ಮತ್ತೆ ನೆಕ್ಕಿ ತಲೆಯಾಡಿಸಿದ. "ಏನೂ ಇಲ್ಲ ಥೆಲ್ಮಾ."

ಅವಳ ಮುಖ ಬಿಳುಚಿತು. ಮಣ್ಣಿನ ಉಪ್ಪು ಹೋಯಿತೋ, ಇವನ ನಾಲಿಗೆಯೇ ಮತ್ತೆ ಹೋಯಿತೋ? ಅವಳು ಮೇಲೆ ಓಡಿದಳು. ಒಲೆಯ ಮೇಲಿದ್ದ ಮೀನಿನ ಸೂಪಿನ ಬಟ್ಟಲು ಹಿಡಿದು ಇಳಿದು ಬಂದು ಒಂದು ಚಮಚ ಅವನ ಬಾಯಿಗೆ ತುರುಕಿದಳು.

ಎಲ್ವಿನ್ ನುಂಗಿದ. ಹುಬ್ಬು ಗಂಟಿಕ್ಕಿದ.

"ಉಪ್ಪು ಜಾಸ್ತಿ ಆಗಿದೆ."

"ಆಗ್ಲಿ" ಎಂದಳು ಥೆಲ್ಮಾ, ಕಣ್ಣೀರು ಒರೆಸಿಕೊಳ್ಳದೆಯೇ. "ಅದೇನು ಬೈತೀಯೋ ಬೈಕೋ. ಪೂರ್ತಿ ತಿಂದು ಬೈ."